ಇಲ್ಲದ ಡಿಸ್ಕಿಗೆ ಬರೆದ ಬ್ಯಾಕಪ್

ಗುರುವಾರ ಬೆಳಿಗ್ಗೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಕೂತಿದ್ದೆ, ಫೋನ್ ಬಂತು. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಸಣ್ಣ ಕಾರ್ಖಾನೆಯ ಅಕೌಂಟ್ಸ್ ಮೇಡಂ.

"ಸಾರ್, ಬಿಲ್ ಓಪನ್ನೇ ಆಗ್ತಿಲ್ಲ. ಸುಮ್ನೆ ತಿರುಗ್ತಾನೇ ಇದೆ."

"ರಾತ್ರಿ ಬ್ಯಾಕಪ್ ಮೇಲ್ ಏನು ಬಂದಿದೆ ನೋಡಿ ಮೇಡಂ."

"ಫೇಲ್ ಅಂತ ಬಂದಿದೆ. ಅದು ದಿನಾ ಬರುತ್ತಲ್ಲ ಸಾರ್."

ದಿನಾ ಬರುತ್ತಿತ್ತು, ನಿಜ. ಆ ಸರ್ವರ್ ನನ್ನ ಕೈಗೆ ಬಂದು ನಾಲ್ಕು ತಿಂಗಳಾಗಿತ್ತು. ಉಬುಂಟು 18.04, 8 ಜಿಬಿ ರ‍್ಯಾಮ್, ಯಾರೋ ಹಿಂದಿನವರು ಬರೆದಿಟ್ಟ ಸ್ಕ್ರಿಪ್ಟ್. ಮೊದಲ ವಾರವೇ ಆ ಮೇಲ್ ನೋಡಿದ್ದೆ. ಲಾಗ್ ತೆರೆದರೆ ಸಾವಿರಾರು ಸಾಲು, ಹೆಚ್ಚುಕಮ್ಮಿ ಎಲ್ಲವೂ /ಸಿಸ್ ಡೈರೆಕ್ಟರಿಯ ಗೋಳು. ಇದು ನಿಜವಾದ ತೊಂದರೆ ಅಲ್ಲ, ಬಿಡುವಾದಾಗ ಸರಿ ಮಾಡೋಣ ಅಂದುಕೊಂಡೆ. ಬಿಡುವಾಗಲೇ ಇಲ್ಲ.

ಆ ಗೋಳು ಏನು ಅಂತ ಮೊದಲು ಹೇಳಿಬಿಡುತ್ತೇನೆ. /ಸಿಸ್ ಒಳಗೆ ಇರುವುದು ಡಿಸ್ಕಿನ ಮೇಲಿನ ಫೈಲುಗಳಲ್ಲ. ನಾವು ಓದಲು ಕೇಳಿದಾಗ ಲಿನಕ್ಸಿನ ತಿರುಳಾದ ಕರ್ನಲ್ ಆ ಕ್ಷಣಕ್ಕೆ ಉತ್ತರ ಬರೆದುಕೊಡುತ್ತದೆ. ಆದರೆ ಫೈಲಿನ ಅಳತೆ ಕೇಳಿದರೆ ಸಾಮಾನ್ಯವಾಗಿ 4096 ಬೈಟ್ ಅನ್ನುತ್ತದೆ. ನಮ್ಮ ಸ್ಕ್ರಿಪ್ಟ್ ಬ್ಯಾಕಪ್ಪಿಗೆ ಬಳಸುವುದು ಟಾರ್, ಫೈಲುಗಳನ್ನೆಲ್ಲ ಒಂದೇ ಕಟ್ಟು ಮಾಡುವ ಕಮ್ಯಾಂಡ್. ಅದು ಆ ಅಳತೆಯನ್ನು ನಂಬಿ 4096 ಬೈಟಿಗೆ ಜಾಗ ಮಾಡಿಕೊಂಡು ಓದಲು ಹೋಗುತ್ತದೆ. ಒಳಗೆ ಸಿಗುವುದು ಒಂದು ಸೊನ್ನೆ, ಒಂದು ಹೊಸ ಸಾಲಿನ ಗುರುತು. ಎರಡೇ ಬೈಟ್. ಆಗ ಟಾರ್ "ಫೈಲ್ 4094 ಬೈಟ್ ಕುಗ್ಗಿದೆ, ಸೊನ್ನೆ ತುಂಬುತ್ತಿದ್ದೇನೆ" ಅಂತ ಒಂದು ಸಾಲು ಬರೆಯುತ್ತದೆ. ಇಂಥವು ಸಾವಿರಾರು. ಜೊತೆಗೆ ಓದಲು ಬಿಡದ ಕೆಲವು ಫೈಲುಗಳೂ ಇರುತ್ತವೆ. ಅವುಗಳ ದೆಸೆಯಿಂದ ಟಾರ್ ಮುಗಿಯುವಾಗ ಕೊಡುವ ಸಂಖ್ಯೆ 2. ಟಾರ್‌ನ ಲೆಕ್ಕದಲ್ಲಿ 0 ಅಂದರೆ ಸರಿ, 1 ಅಂದರೆ ಓದುವಾಗ ಕೆಲವು ಫೈಲ್ ಬದಲಾದವು, 2 ಅಂದರೆ ದೊಡ್ಡ ತಪ್ಪು. ನಮ್ಮಲ್ಲಿ ಪ್ರತಿ ರಾತ್ರಿಯೂ 2. ಮನೆಗೆ ಬೆಂಕಿ ಬಿದ್ದರೂ 2, ಬೀಳದಿದ್ದರೂ 2.

ಅವತ್ತು ಹತ್ತು ಗಂಟೆಗೆ ಹೋಗಿ ನೋಡಿದರೆ ಸರ್ವರ್ ಆಮೆಯಾಗಿತ್ತು. ಮೆಮೊರಿಯ ಲೆಕ್ಕ ಹೇಳುವ ಫ್ರೀ ಕಮ್ಯಾಂಡ್ ಕೊಟ್ಟೆ. ಶೇರ್ಡ್ ಅನ್ನುವ ಕಾಲಮ್ಮಿನಲ್ಲಿ ಸುಮಾರು 4 ಜಿಬಿ. ಅಲ್ಲಿ ಸಾಮಾನ್ಯವಾಗಿ ಕೆಲವು ಎಂಬಿ ಇರಬೇಕು. ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ, ಸ್ವಾಪ್, ಅದೂ ತುಂಬುತ್ತಾ ಬಂದಿತ್ತು. ಡೇಟಾಬೇಸ್ ಇರಬಹುದು ಅಂತ ಅದನ್ನೇ ಅರ್ಧ ಗಂಟೆ ಕೆದಕಿದೆ. ಅದರದ್ದೇನೂ ತಪ್ಪಿರಲಿಲ್ಲ.

ಇನ್ನೊಂದು ಕಡೆ ಬ್ಯಾಕಪ್ ಡಿಸ್ಕ್ ತುಂಬಿಹೋಗಿತ್ತು. 500 ಜಿಬಿ ಡಿಸ್ಕ್, ಫಾರ್ಮ್ಯಾಟ್ ಆದ ಮೇಲೆ 458 ಸಿಗುತ್ತದೆ. ಆರು ದಿನದ ಬ್ಯಾಕಪ್ ಇಟ್ಟುಕೊಂಡು, ಏಳನೆಯದು ಬರೆದಾದ ಮೇಲೆ ಹಳೆಯದನ್ನು ಅಳಿಸುವ ಪದ್ಧತಿ. ಒಂದೊಂದೂ 63 ಜಿಬಿ, ಏಳಕ್ಕೆ 441. ಹೇಗೋ ಹಿಡಿಸುತ್ತಿತ್ತು. ಆದರೆ ಪಟ್ಟಿ ನೋಡಿದರೆ ಶನಿವಾರದಿಂದ ಈಚೆಗಿನ ಫೈಲುಗಳು ಒಂದೊಂದೂ ಸುಮಾರು 67. ಐದನೇ ರಾತ್ರಿ, ಅಂದರೆ ಬುಧವಾರ, ಜಾಗ ಮುಗಿದು ಟಾರ್ ಅರ್ಧಕ್ಕೇ ನಿಂತಿತ್ತು. ಲಾಗಿನ ಕಟ್ಟಕಡೆಯಲ್ಲಿ, /ಸಿಸ್ ಗೋಳಿನ ಅಡಿಯಲ್ಲಿ, ಆ ಸಾಲು ಇತ್ತು. ನೋಡುವವರು ಯಾರೂ ಇರಲಿಲ್ಲ, ಅಷ್ಟೇ.

ರ‍್ಯಾಮಿನಲ್ಲಿ 4 ಜಿಬಿ ಹೋಗಿದೆ. ಬ್ಯಾಕಪ್ಪಿನಲ್ಲಿ 4 ಜಿಬಿ ಬಂದಿದೆ. ಎರಡೂ ಒಂದೇ ಅಲ್ವಾ ಅಂತ ಹೊಳೆಯಲು ನನಗೆ ಒಂದು ಟೀ ಬೇಕಾಯಿತು.

ಶನಿವಾರದ ಟಾರ್ ಫೈಲಿನ ಪಟ್ಟಿ ತೆಗೆದು ಅಳತೆ ಪ್ರಕಾರ ಜೋಡಿಸಿದೆ. ಎಲ್ಲಕ್ಕಿಂತ ಮೇಲೆ ಕೂತಿದ್ದು /ಡೆವ್/ಎಸ್‌ಡಿಸಿ1. /ಡೆವ್ ಒಳಗೆ 3.9 ಜಿಬಿ ಫೈಲ್! ಇದು ಆಗಬಾರದು. ಡಿಸ್ಕಿನ ಹೆಸರಿನಲ್ಲಿ /ಡೆವ್ ಒಳಗೆ ಇರುವುದು ಬರೀ ಒಂದು ಗುರುತು: ಹೆಸರು ಮತ್ತು ಎರಡು ಸಂಖ್ಯೆ. ಎಸ್‌ಡಿಸಿ1ಕ್ಕೆ 8 ಮತ್ತು 33. ಟಾರ್ ಅಂಥದ್ದನ್ನು ಕಂಡರೆ ಒಳಗೆ ಕೈ ಹಾಕುವುದಿಲ್ಲ, 512 ಬೈಟಿನ ಒಂದು ಚೀಟಿ ಬರೆದು ಮುಂದೆ ಹೋಗುತ್ತದೆ. ಹಾಗಾಗಿ /ಡೆವ್ ಪೂರ್ತಿ ಸೇರಿಸಿದರೂ ಬ್ಯಾಕಪ್ ದಪ್ಪ ಆಗುವುದಿಲ್ಲ. ಅಲ್ಲಿ ಓದಿದಷ್ಟೂ ಸೊನ್ನೆ ಕೊಡುವ ಝೀರೋ ಇದೆ, ಅದು ಮುಗಿಯುವುದೇ ಇಲ್ಲ, ಟಾರ್ ಅಲ್ಲೇ ಸಿಕ್ಕಿಕೊಳ್ಳುತ್ತೆ ಅಂತ ಕೆಲವರು ಹೆದರಿಸುತ್ತಾರೆ. ಟಾರ್ ಹಾಗೆ ಮಾಡುವುದಿಲ್ಲ. ಹೆದರಬೇಕಾದ್ದು, /ಸಿಸ್ ಹಾಗೆಯೇ ಕರ್ನಲ್ ತೋರಿಸುವ /ಪ್ರೊಕ್ ಒಳಗಿನ ಕೆಕೋರ್‌ಗೆ. ಅದು ಮಾಮೂಲಿ ಫೈಲಿನ ವೇಷದಲ್ಲಿರುತ್ತದೆ, 8 ಜಿಬಿ ರ‍್ಯಾಮಿನ ಈ ಮೆಷಿನ್ನಿನಲ್ಲೂ ತನ್ನ ಅಳತೆ 128 ಟಿಬಿ ಅನ್ನುತ್ತದೆ. ಪುಣ್ಯಕ್ಕೆ /ಪ್ರೊಕ್ ಅನ್ನು ಹಿಂದಿನವರೇ ಹೊರಗಿಟ್ಟಿದ್ದರು.

ಸರ್ವರಿನಲ್ಲೇ ಆ ಹೆಸರಿಗೆ, ಫೈಲಿನ ವಿವರ ತೋರಿಸುವ ಎಲ್‌ಎಸ್ ಕೊಟ್ಟೆ. ಡಿಸ್ಕ್ ಆಗಿದ್ದರೆ ಸಾಲಿನ ಮೊದಲ ಅಕ್ಷರ 'ಬಿ' ಇರಬೇಕು, ಅಳತೆಯ ಜಾಗದಲ್ಲಿ ಆ ಎರಡು ಸಂಖ್ಯೆ ಇರಬೇಕು. ಇಲ್ಲಿ ಮೊದಲಿಗೆ ಬರೀ ಅಡ್ಡಗೆರೆ, ಆಮೇಲೆ ಹತ್ತಂಕಿಯ ಒಂದು ಅಳತೆ. ಮಾಮೂಲಿ ಫೈಲ್!

ಸ್ಕ್ರಿಪ್ಟಿನ ಉಳಿದ ಭಾಗ ಓದಿದಾಗ ಕಥೆ ಗೊತ್ತಾಯಿತು. ಶನಿವಾರ ರಾತ್ರಿ ಒಂಬತ್ತಕ್ಕೆ ಡೇಟಾಬೇಸ್ ನಿಲ್ಲಿಸಿ, ಅದರ ಪಾರ್ಟಿಷನ್ನನ್ನು, ಅಂದರೆ ಡಿಸ್ಕಿನಲ್ಲಿ ಅದಿರುವ ಭಾಗವನ್ನು, ಡಿಡಿ ಕಮ್ಯಾಂಡಿನಿಂದ ಯುಎಸ್‌ಬಿ ಡಿಸ್ಕಿಗೆ ಹಾಗೇ ಇಳಿಸಬೇಕು. ಎಲ್ಲಿಗೆ? /ಡೆವ್/ಎಸ್‌ಡಿಸಿ1ಕ್ಕೆ. ಡಿಸ್ಕ್ ಸಿಕ್ಕಿಸಿದೆಯಾ ಇಲ್ಲವಾ ಅಂತ ನೋಡುವ ಒಂದು ಸಾಲೂ ಇಲ್ಲ. ಸ್ಟೋರಿನ ಹುಡುಗನನ್ನು ಕರೆದು ಕೇಳಿದೆ.

"ಶನಿವಾರ ಆ ಡಿಸ್ಕ್ ಎಲ್ಲಿತ್ತಪ್ಪಾ?"

"ಆ ಕರೀ ಡಬ್ಬಿನಾ ಸಾರ್? ಓನರ್ ಕಾರಲ್ಲೇ ಐತೆ. ಎತ್ಕೊಳ್ಳೋದು ಮರ್ತೋದೆ."

ಡಿಸ್ಕ್ ಇರಲಿಲ್ಲ, ಹಾಗಾಗಿ ಎಸ್‌ಡಿಸಿ1 ಅನ್ನುವ ಗುರುತೂ ಇರಲಿಲ್ಲ. ಡಿಡಿ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಹೆಸರಿನ ಫೈಲ್ ಇಲ್ಲವೇ, ಹೊಸದು ಮಾಡುತ್ತೇನೆ ಅಂತ ಮಾಡಿ ತುಂಬಿಸಿದೆ. ಈಗಿನ ಲಿನಕ್ಸಿನಲ್ಲಿ /ಡೆವ್ ಡಿಸ್ಕಿನ ಮೇಲೆ ಇರುವುದಿಲ್ಲ. 2009ರಲ್ಲಿ ಬಂದ 2.6.32 ಕರ್ನಲ್‌ನಿಂದ ಈಚೆಗೆ ಡೆವ್‌ಟಿಎಂಪಿಎಫ್‌ಎಸ್ ಅಂತ ಒಂದಿದೆ, ಅದು ಇರುವುದು ಮೆಮೊರಿಯಲ್ಲಿ. ಮಿತಿ ಬೇರೆ ಕೊಡದಿದ್ದರೆ ರ‍್ಯಾಮಿನ ಅರ್ಧದಷ್ಟು ಹಿಡಿಸುತ್ತದೆ. ನಮ್ಮ 3.9 ಜಿಬಿ ಅದೇ. ಅದು ತುಂಬಿದಾಗ ಡಿಡಿ ಜಾಗ ಇಲ್ಲ ಅಂತ ಹೇಳಿ ನಿಂತಿದೆ. ಹೇಳಿದ್ದು ಸರ್ವರಿನೊಳಗಿನ ರೂಟ್, ಅಂದರೆ ಮುಖ್ಯ ಖಾತೆಯ, ಅಂಚೆಪೆಟ್ಟಿಗೆಗೆ. ಅದನ್ನು ತೆರೆದವರೇ ಇಲ್ಲ. ಎರಡು ಗಂಟೆ ಆದ ಮೇಲೆ, ಹನ್ನೊಂದಕ್ಕೆ, ಟಾರ್ ಬಂದು ಆ ಫೈಲನ್ನು ನಿಜವಾದ ಫೈಲ್ ಅಂತಲೇ ಬ್ಯಾಕಪ್ಪಿಗೆ ಸೇರಿಸಿದೆ.

ಆ ಫೈಲ್ ಅಳಿಸಿದೆ. ಒಂದೇ ನಿಮಿಷದಲ್ಲಿ ಆಚೆ ಕೋಣೆಯಿಂದ ಮೇಡಂ ಕೂಗಿದರು, "ಸಾರ್, ಬಂತು!" ಅಳಿಸುವ ಮುಂಚೆ ಮೊದಲ ಅಕ್ಷರವನ್ನು ಮೂರು ಸಲ ನೋಡಿದ್ದೆ ಅನ್ನಿ.

ಡಿಡಿ ಸಾಲನ್ನು ಅಲ್ಲೇ ಸರಿ ಮಾಡಿದೆ. ಎಸ್‌ಡಿಸಿ ಅನ್ನುವ ಹೆಸರನ್ನೇ ನಂಬಬಾರದು. ಕರೆಂಟ್ ಹೋಗಿ ಬಂದಾಗ ಯುಎಸ್‌ಬಿ ಡಿಸ್ಕ್ ಒಮ್ಮೆ ಬಿಟ್ಟು ಹಿಡಿದರೆ ಅದೇ ಡಿಸ್ಕ್ ಎಸ್‌ಡಿಡಿ ಆಗಿ ಬರಬಹುದು. ಅದಕ್ಕೆ /ಡೆವ್/ಡಿಸ್ಕ್/ಬೈ-ಐಡಿ ಒಳಗೆ ಆ ಡಿಸ್ಕಿನ ಸೀರಿಯಲ್ ನಂಬರ್ ಸೇರಿದ ಹೆಸರು ಸಿಗುತ್ತದೆ, ಅದನ್ನು ಹಾಕಿದೆ. ಅಷ್ಟಕ್ಕೇ ಬಿಟ್ಟರೆ ಡಿಸ್ಕ್ ಇಲ್ಲದ ದಿನ ಡಿಡಿ ಆ ಉದ್ದದ ಹೆಸರಿನಲ್ಲೇ ಮತ್ತೊಂದು ಫೈಲ್ ಮಾಡುತ್ತದೆ! ಹಾಗಾಗಿ ಡಿಡಿಯ ಕಾನ್ವ್ ಆಯ್ಕೆಯಲ್ಲಿ ನೋಕ್ರಿಯೇಟ್ (nocreat) ಸೇರಿಸಿದೆ. ಫೈಲ್ ಇಲ್ಲದಿದ್ದರೆ ಹೊಸದು ಮಾಡಬೇಡ ಅನ್ನುವ ಅಪ್ಪಣೆ ಅದು. ಅದಕ್ಕೂ ಮುಂಚೆ, ಇದು ಬ್ಲಾಕ್ ಡಿವೈಸ್, ಅಂದರೆ ನಿಜವಾದ ಡಿಸ್ಕ್, ಹೌದಾ ಅಂತ ನೋಡುವ ಒಂದು ಸಾಲು. ಇಲ್ಲದಿದ್ದರೆ ಮೇಲ್ ಕಳಿಸಿ ನಿಲ್ಲಬೇಕು.

ಟಾರ್ ಸರಿ ಮಾಡುವಾಗ ನಾನೇ ಎರಡು ಸಲ ಎಡವಿದೆ. ಮೊದಲು /ಡೆವ್, /ಸಿಸ್, /ಪ್ರೊಕ್, /ರನ್ ನಾಲ್ಕನ್ನೂ ಪೂರ್ತಿ ಹೊರಗಿಟ್ಟೆ. ಲಾಗ್ ಶುಭ್ರವಾಯಿತು. ಮಾರನೇ ದಿನ ಬಿ.ಎಚ್. ರಸ್ತೆಯ ನಮ್ಮ ಅಂಗಡಿಯಲ್ಲಿ ಒಂದು ಹಳೇ ಪಿಸಿಗೆ ಆ ಬ್ಯಾಕಪ್ ಇಳಿಸಿ, ಬೂಟ್ ಮಾಡಿಸುವ ಗ್ರಬ್ ಹಾಕಿ ಆನ್ ಮಾಡಿದೆ. ಬೂಟ್ ಆಗಲಿಲ್ಲ. ಡೆವ್ ಮೌಂಟ್ ಮಾಡಲು ಅಂಥ ಡೈರೆಕ್ಟರಿಯೇ ಇಲ್ಲ ಅಂತ ಪರದೆಯಲ್ಲಿ ಬಂತು. ಒಳಗಿನದು ಬೇಡ, ಆದರೆ ಖಾಲಿ ಡೈರೆಕ್ಟರಿ ಬೇಕೇ ಬೇಕು. ಕರ್ನಲ್ ತನ್ನದನ್ನು ತಂದು ಕೂರಿಸಲು ಒಂದು ಮಣೆ ಬೇಡವೇ? ಪೆನ್ ಡ್ರೈವಿನಿಂದ ಬೂಟ್ ಮಾಡಿ, ನಾಲ್ಕು ಖಾಲಿ ಡೈರೆಕ್ಟರಿ ಮಾಡಿದ ಮೇಲೆ ಎದ್ದು ಕೂತಿತು.

ಆಮೇಲೆ ಹೊರಗಿಡುವ ಪಟ್ಟಿಯನ್ನೇ ಕಿತ್ತುಹಾಕಿ, ಟಾರ್‌ಗೆ --ಒನ್-ಫೈಲ್-ಸಿಸ್ಟಮ್ ಕೊಟ್ಟೆ. ಶುರು ಮಾಡಿದ ಫೈಲ್ ಸಿಸ್ಟಮ್ ಬಿಟ್ಟು ಬೇರೆಯದರೊಳಗೆ ಅದು ಇಳಿಯುವುದಿಲ್ಲ, ಬೇರೆಯದು ಕೂತಿರುವ ಕಡೆ ಖಾಲಿ ಡೈರೆಕ್ಟರಿ ಮಾತ್ರ ಇಟ್ಟುಕೊಳ್ಳುತ್ತದೆ. ನಮಗೆ ಬೇಕಾದ್ದು ಅದೇ. ರಾತ್ರಿ ಓಡಿತು, ಬೆಳಿಗ್ಗೆ ಸಂಖ್ಯೆ 0. ಖುಷಿಯಾಗಿ ಅಳತೆ ನೋಡಿದರೆ 9 ಜಿಬಿ! ಬಳಕೆದಾರರ ಫೈಲುಗಳಿರುವ /ಹೋಮ್ ಬೇರೆ ಪಾರ್ಟಿಷನ್ ಅನ್ನುವುದು ಮರೆತಿದ್ದೆ. ಅದೂ ಖಾಲಿ ಡೈರೆಕ್ಟರಿಯಾಗಿ ಬಂದಿತ್ತು. ಕಮ್ಯಾಂಡಿನ ಕೊನೆಯಲ್ಲಿ / ಜೊತೆಗೆ /ಹೋಮ್ ಕೂಡ ಬರೆದೆ. ಡೇಟಾಬೇಸಿಗೆ ದಿನಾ ಬೇರೆ ಡಂಪ್ ತೆಗೆಯುವ ಏರ್ಪಾಡು ಮಾಡಿದೆ. ಓಡುತ್ತಿರುವ ಡೇಟಾಬೇಸಿನ ಫೈಲುಗಳನ್ನು ಟಾರ್ ಮಾಡಿಟ್ಟುಕೊಂಡು ಅದನ್ನು ಬ್ಯಾಕಪ್ ಅಂತ ಕರೆಯುವವರ ಧೈರ್ಯ ನನಗಿಲ್ಲ.

ಮೇಲ್ ಕಳಿಸುವ ನಿಯಮವನ್ನೂ ಬದಲಿಸಿದೆ. 0 ಬಂದರೆ ಮತ್ತು 1 ಬಂದರೆ ಮೇಡಂಗೆ ಏನೂ ಹೋಗುವುದಿಲ್ಲ, 1 ಬಂದ ಲಾಗನ್ನು ನಾನು ಸೋಮವಾರ ನೋಡುತ್ತೇನೆ. 2 ಬಂದರೆ ಇಬ್ಬರಿಗೂ. ಮೊದಲ ವಾರ ಮೇಡಂ ಗಾಬರಿಯಾಗಿ ಫೋನ್ ಮಾಡಿದ್ದರು. "ಸಾರ್, ಬ್ಯಾಕಪ್ ನಿಂತೋಯ್ತಾ? ಮೇಲೇ ಬರ್ತಿಲ್ಲ."

ಮೂರನೇ ಶನಿವಾರ ಆ ಕರೀ ಡಬ್ಬಿ ಮತ್ತೆ ಓನರ್ ಕಾರಿನಲ್ಲೇ ಉಳಿದಿತ್ತು. ರಾತ್ರಿ ಒಂಬತ್ತಾಗಿ ಒಂದು ನಿಮಿಷಕ್ಕೆ ಇಬ್ಬರ ಫೋನಿಗೂ ಮೇಲ್ ಬಂತು. ನಾನು ಸ್ಟೋರಿನ ಹುಡುಗನಿಗೆ ಫೋನ್ ಮಾಡುವಷ್ಟರಲ್ಲಿ ಮೇಡಂ ಆಗಲೇ ಓನರ್ ಮನೆಗೆ ಮಾಡಿಯಾಗಿತ್ತು.