ಮಿಕ್ಸೊಮಟೋಸಿಸ್ ತಗುಲಿದ ಸಾಕುಮೊಲವನ್ನು ಆರೈಕೆ ಮಾಡುವುದು ಹೇಗೆ?

ಬ್ರಿಟನ್ನಿನಲ್ಲಿ ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಕಾಡುಮೊಲಗಳಲ್ಲಿ ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗ ಹೆಚ್ಚುತ್ತದೆ. ಚಿಗಟ, ಸೊಳ್ಳೆಗಳ ಮೂಲಕ ಅದು ಹಿತ್ತಿಲಿನ ಗೂಡಿನಲ್ಲಿರುವ ಸಾಕುಮೊಲವನ್ನೂ ಮುಟ್ಟುತ್ತದೆ. 1953ರಲ್ಲಿ ಆ ದೇಶವನ್ನು ಹೊಕ್ಕ ಈ ವೈರಸ್ಸನ್ನು ಕೊಲ್ಲುವ ಔಷಧ ಇಂದಿಗೂ ಇಲ್ಲ. ಲಸಿಕೆ ಪಡೆದ ಮೊಲಕ್ಕೆ ರೋಗ ಬಂದರೂ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಒಳ್ಳೆಯ ಆರೈಕೆ ಸಿಕ್ಕರೆ ಅದು ಉಳಿದುಕೊಳ್ಳುತ್ತದೆ. ಹಾಗೆ ಉಳಿಯಬಹುದಾಗಿದ್ದ ಮೊಲಗಳು ಹೊಟ್ಟೆಗೆ ಏನೂ ಹೋಗದೆಯೋ, ಅವಸರದಲ್ಲಿ ಕುಡಿಸಿದ ಆಹಾರ ಶ್ವಾಸಕೋಶಕ್ಕೆ ಇಳಿದೋ ಸಾಯುವುದನ್ನು ಕಂಡಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಶುವೈದ್ಯರಲ್ಲಿಗೆ ಹೋಗಬೇಕು, ಅದೂ ಅದೇ ದಿನ. ಕಣ್ಣುರೆಪ್ಪೆ ಊದಿ ಹಾಲಿನಂಥ ಕೀವು ಸುರಿಯುವುದು, ಕಿವಿಯ ಬುಡದಲ್ಲಿ ಮತ್ತು ಜನನಾಂಗದ ಸುತ್ತ ಬಾವು ಬರುವುದು ಇದರ ಲಕ್ಷಣಗಳು. ಲಸಿಕೆ ಹಾಕಿಸದ ಮೊಲದಲ್ಲಿ ರೋಗ ತೀವ್ರವಾಗಿದ್ದರೆ ವೈದ್ಯರು ದಯಾಮರಣದ ಸಲಹೆ ಕೊಡುತ್ತಾರೆ. ಅದನ್ನು ಒಪ್ಪಿಕೊಳ್ಳುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಅಂಥ ಮೊಲ ಬಹುತೇಕ ಎರಡು ವಾರಗಳೊಳಗೆ ನರಳಿ ಸಾಯುತ್ತದೆ. ಉಳಿಯುವ ಭರವಸೆ ಇದ್ದರೆ ನೋವುನಿವಾರಕ, ಚರ್ಮದಡಿಗೆ ಚುಚ್ಚಿ ಕೊಡುವ ದ್ರವ ಮತ್ತು ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಸೋಂಕು ಬೆಳೆಯದಂತೆ ಆಂಟಿಬಯಾಟಿಕ್ ಕೊಡುತ್ತಾರೆ. ಮನೆಯಲ್ಲಿ ಮಿಕ್ಕಿರುವ ಅಮಾಕ್ಸಿಸಿಲಿನ್ ಅನ್ನು ಮಾತ್ರ ಎಂದಿಗೂ ಕುಡಿಸಬೇಡಿ. ಬಾಯಿಯ ಮೂಲಕ ಹೋದ ಪೆನಿಸಿಲಿನ್ ವರ್ಗದ ಔಷಧ ಮೊಲದ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ನಾಶಮಾಡಿ ಮೊಲವನ್ನೇ ಕೊಲ್ಲಬಹುದು.

ಎರಡನೆಯದಾಗಿ, ಮೊಲವನ್ನು ಮನೆಯೊಳಗೆ ಬೆಚ್ಚಗಿನ, ಸದ್ದಿಲ್ಲದ ಕೋಣೆಗೆ ತನ್ನಿ.

ಮೂರನೆಯದು ಕಣ್ಣು, ಮೂಗುಗಳ ಶುಚಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಮತಟ್ಟು ಟೀ ಚಮಚ ಉಪ್ಪು ಬೆರೆಸಿ, ಹತ್ತಿಯನ್ನು ಅದ್ದಿ, ಅಂಟಿಕೊಂಡ ಪಿಸುರಿನ ಮೇಲೆ ಸ್ವಲ್ಪ ಹೊತ್ತು ಇಟ್ಟು ಮೆತ್ತಗಾದ ಮೇಲೆ ಒರೆಸಿ. ಒಂದೊಂದು ಕಣ್ಣಿಗೂ ಬೇರೆ ಹತ್ತಿ ಬಳಸಿ. ಮೂಗಿನ ಹೊಳ್ಳೆಗಳನ್ನು ಬಿಡಿಸದೆ ಮುಂದಿನ ಹೆಜ್ಜೆಗೆ ಹೋಗಲೇಬೇಡಿ. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಮೂಗು ಕಟ್ಟಿರುವಾಗ ಬಾಯಿಗೆ ಆಹಾರ ತುಂಬಿದರೆ ಅದಕ್ಕೆ ಉಸಿರು ಕಟ್ಟುತ್ತದೆ.

ಹೆಚ್ಚಿನವರು ಎಡವುವುದು ನಾಲ್ಕನೆಯ ಹೆಜ್ಜೆಯಲ್ಲಿ, ಅಂದರೆ ಆಹಾರ ಕುಡಿಸುವುದರಲ್ಲಿ. ಮೊಲದ ಕರುಳು ಸದಾ ಚಲಿಸುತ್ತಿರಬೇಕು; ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿ. ಕುಡಿಸುವ ಮೊದಲು ಹೊಟ್ಟೆಯನ್ನು ಮುಟ್ಟಿ ನೋಡಿ. ಗಟ್ಟಿಯಾಗಿ ಉಬ್ಬಿದ್ದರೆ ಏನನ್ನೂ ಕೊಡದೆ ವೈದ್ಯರಿಗೆ ತೋರಿಸಿ. ಹುಲ್ಲಿನ ಪುಡಿಯಿಂದ ತಯಾರಾದ ಕ್ರಿಟಿಕಲ್ ಕೇರ್‌ನಂಥ ಆಹಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೆಳ್ಳನೆಯ ಗಂಜಿಯ ಹದಕ್ಕೆ ಕಲಸಿ. ಹಣ್ಣಿನ ತಿರುಳಿನ ಮಕ್ಕಳ ಆಹಾರ ಸುಲಭವಾಗಿ ಸಿಗುತ್ತದೆಯೆಂದು ಕೆಲವರು ಅದನ್ನೇ ಕುಡಿಸುತ್ತಾರೆ, ಆದರೆ ಅದರಲ್ಲಿ ಸಕ್ಕರೆ ಹೆಚ್ಚು, ನಾರು ಕಡಿಮೆ. ನಾನು ಅದನ್ನು ಒಪ್ಪುವುದಿಲ್ಲ. ಮೊಲವನ್ನು ಟವಲಿನಲ್ಲಿ ಸುತ್ತಿ, ನಾಲ್ಕೂ ಕಾಲು ಕೆಳಗಿರುವಂತೆ ಮೇಜಿನ ಮೇಲೆ ಕೂರಿಸಿ, ನಿಮ್ಮ ಮೈಗೆ ಒರಗಿಸಿಕೊಳ್ಳಿ. ಅಂಗಾತ ಮಲಗಿಸಬಾರದು, ತಲೆಯನ್ನು ಮೇಲಕ್ಕೆ ಎತ್ತಲೂಬಾರದು. ಬಾಚಿಹಲ್ಲು ಮತ್ತು ದವಡೆಹಲ್ಲುಗಳ ನಡುವೆ ಹಲ್ಲಿಲ್ಲದ ಜಾಗವಿದೆ. ಸಿರಿಂಜಿನ ತುದಿಯನ್ನು ಪಕ್ಕದಿಂದ ಅಲ್ಲಿಗೆ ತೂರಿಸಿ, ಗಂಟಲಿನತ್ತ ಗುರಿಯಿಡದೆ, ಅರ್ಧದಿಂದ ಒಂದು ಮಿಲಿಲೀಟರಿನಷ್ಟು ಮಾತ್ರ ಬಿಡಿ. ಅದು ಅಗಿದು ನುಂಗುವವರೆಗೆ ಕಾಯಿರಿ, ಆಮೇಲೆ ಮುಂದಿನ ಗುಟುಕು. ಕೆಮ್ಮಿದರೆ, ಮೂಗಿನಿಂದ ಆಹಾರ ಬಂದರೆ ತಕ್ಷಣ ನಿಲ್ಲಿಸಿ. ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 50 ಮಿಲಿಲೀಟರ್ ಬೇಕಾಗುತ್ತದೆ. ಅದನ್ನು ನಾಲ್ಕರಿಂದ ಆರು ಬಾರಿಗೆ ಹಂಚಬೇಕು. ಒಮ್ಮೆಗೇ ಹೆಚ್ಚು ಕುಡಿಸಿ ರಾತ್ರಿಯಿಡೀ ಬಿಡುವ ಅಡ್ಡದಾರಿ ಬೇಡ.

ರೆಪ್ಪೆ ಮುಚ್ಚಿಕೊಂಡ ಮೊಲ ಆಹಾರವನ್ನು ವಾಸನೆಯಿಂದ ಹುಡುಕುತ್ತದೆ. ಕೊತ್ತಂಬರಿ ಅಥವಾ ಪುದೀನ ಸೊಪ್ಪನ್ನು ಹಿಸುಕಿ ಮೂಗಿನ ಬಳಿ ಹಿಡಿಯಿರಿ, ಒಣಹುಲ್ಲು ಮತ್ತು ನೀರಿನ ಬಟ್ಟಲನ್ನು ದಿನವೂ ಅದೇ ಜಾಗದಲ್ಲಿಡಿ. ಹಿಕ್ಕೆಗಳನ್ನು ಗಮನಿಸುತ್ತಿರಿ: ಸಣ್ಣದಾಗುತ್ತಾ ಬಂದರೆ ಅಥವಾ ನಿಂತುಹೋದರೆ ವೈದ್ಯರಿಗೆ ತಿಳಿಸಬೇಕು.

ಜೊತೆಗಾರ ಮೊಲ ಇದ್ದರೆ ಅದಕ್ಕೆ ಸೋಂಕು ಆಗಲೇ ತಗುಲಿರಬಹುದು. ಅದರ ಲಸಿಕೆಯ ದಾಖಲೆ ತೋರಿಸಿ, ಒಟ್ಟಿಗೆ ಇಡಬೇಕೇ ಎಂದು ವೈದ್ಯರನ್ನೇ ಕೇಳಿ. ಚಿಗಟಕ್ಕೆ ಇಮಿಡಾಕ್ಲೋಪ್ರಿಡ್ ಇರುವ, ಮೊಲಕ್ಕೆಂದೇ ಅನುಮತಿಸಿದ ಔಷಧ ಹಾಕಿಸಿ. ನಾಯಿ, ಬೆಕ್ಕುಗಳಿಗೆ ಬಳಸುವ ಫಿಪ್ರೊನಿಲ್ ಮೊಲಕ್ಕೆ ಪ್ರಾಣಾಂತಿಕವಾಗಬಹುದು, ಅದನ್ನು ಮುಟ್ಟಲೇಬೇಡಿ. ಆಸ್ಟ್ರೇಲಿಯಾದಲ್ಲಿ ಮೊಲ ಸಾಕಿರುವ ನಮ್ಮವರಿಗೆ ಈ ರೋಗದ ಲಸಿಕೆಯ ದಾರಿಯೂ ಇಲ್ಲ, ಅಲ್ಲಿ ಅದಕ್ಕೆ ಅನುಮತಿಯಿಲ್ಲ. ಆದ್ದರಿಂದ ಗೂಡಿಗೆ ಸೊಳ್ಳೆಪರದೆ ಹಾಕಿ, ಸಂಜೆಯಾಗುವ ಮೊದಲೇ ಮೊಲವನ್ನು ಒಳಗೆ ತರಬೇಕು.