ಬೋರ್‌ವೆಲ್ ಹಗ್ಗದ ಮೇಲೆ 70 ಲಕ್ಷ ವರ್ಷ

ನಾನು ಚಿತ್ರದುರ್ಗದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಾನವ ವಿಕಾಸದ ಪಾಠ ಮೊದಲ ಸಲ ಮಾಡಿದಾಗ ಎಲ್ಲರ ಹಾಗೆ ಆ ಸಾಲು ಚಿತ್ರ ತೂಗುಹಾಕಿದೆ. ಎಡಕ್ಕೆ ಬಗ್ಗಿದ ಮಂಗ, ಬಲಕ್ಕೆ ನೆಟ್ಟಗೆ ನಿಂತ ಮನುಷ್ಯ. ಹಿಂದಿನ ಬೆಂಚಿನ ಹುಡುಗ ಕೇಳಿದ, "ಸಾರ್, ಹಂಗಾದ್ರೆ ಕೋಟೆ ಮೇಲಿರೋ ಮಂಗಗಳು ಯಾಕೆ ಇನ್ನೂ ಮನುಷ್ಯ ಆಗಿಲ್ಲ?"

"ತುಂಬಾ ಕಾಲ ಬೇಕಪ್ಪ" ಅಂದುಬಿಟ್ಟೆ. ಶುದ್ಧ ತಪ್ಪು ಉತ್ತರ. ಎಷ್ಟು ಕಾಲ ಕೊಟ್ಟರೂ ಅದು ನಮ್ಮ ದಾರಿಗೆ ಬರುವುದಿಲ್ಲ, ಅದರ ದಾರಿಯೇ ಬೇರೆ. ಇಡೀ ಗೊಂದಲಕ್ಕೆ ಆ ಚಿತ್ರವೇ ಕಾರಣ ಅಂತ ಹೊಳೆಯಲು ನನಗೆ ಎರಡು ವರ್ಷ ಹಿಡಿಯಿತು.

ಈಗ ಚಿತ್ರ ಬಿಟ್ಟು ಹಗ್ಗ ಹಿಡಿದಿದ್ದೇನೆ. ಬೋರ್‌ವೆಲ್‌ಗೆ ಮೋಟರ್ ಇಳಿಸುವ ಹಗ್ಗ, ನಮ್ಮ ಕಡೆ ಯಾವ ರೈತರ ಮನೆಯಲ್ಲಾದರೂ ಸಿಗುತ್ತದೆ, ಉದ್ದವೂ ಜಾಸ್ತಿ (ಬೋರು ಅಷ್ಟು ಆಳಕ್ಕೆ ಹೋಗಿದೆ, ಆ ಮಾತು ಬೇರೆ). 1 ಮೀಟರ್ ಅಂದರೆ 1 ಲಕ್ಷ ವರ್ಷ. ಧ್ವಜದ ಕಂಬವೇ ಇವತ್ತು. 3 ಮೀಟರಿಗೆ ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ನಮ್ಮದೇ ಪ್ರಭೇದದ (ಹೋಮೋ ಸೇಪಿಯನ್ಸ್) ಮನುಷ್ಯರು. 15 ಮೀಟರ್ ಚಿಲ್ಲರೆಗೆ ಕೆನ್ಯಾದಲ್ಲಿ ಅಸ್ಥಿಪಂಜರ ಸಿಕ್ಕ ತುರ್ಕಾನಾ ಹುಡುಗ, ನಮಗಿಂತ ಹಳೆಯ ಪ್ರಭೇದದವನು. 36 ದಾಟಿದ ಮೇಲೆ ಟಾಂಜಾನಿಯಾದ ಲೇಟೋಲಿಯಲ್ಲಿ ಜ್ವಾಲಾಮುಖಿಯ ಬೂದಿ ಮೇಲೆ ಉಳಿದ ಹೆಜ್ಜೆ ಗುರುತು.

32ನೇ ಮೀಟರಿನಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಲ್ಲಿ ಲೂಸಿ ಇದ್ದಾಳೆ, 1974ರಲ್ಲಿ ಇಥಿಯೋಪಿಯಾದ ಹದಾರ್‌ನಲ್ಲಿ ಪಳೆಯುಳಿಕೆಯಾಗಿ ಸಿಕ್ಕವಳು. ಎತ್ತರ ಸುಮಾರು ಮೂರೂವರೆ ಅಡಿ. ಪಕ್ಕದ ಅಂಗನವಾಡಿಯಿಂದ ಒಂದು ಮಗುವನ್ನು ಕರೆತಂದು ನಿಲ್ಲಿಸಿದರೆ ಮಕ್ಕಳಿಗೆ ನಗು. ಆದರೆ ಲೂಸಿಗೆ ಬುದ್ಧಿಹಲ್ಲು ಬಂದಿತ್ತು, ಅಂದರೆ ಬೆಳೆದ ಹೆಂಗಸು. ಸೊಂಟ, ಮಂಡಿ ನೋಡಿದರೆ ಎರಡು ಕಾಲಲ್ಲಿ ನಡೆಯುತ್ತಿದ್ದಳು. ಅವಳ ಪ್ರಭೇದದವರ ಮೆದುಳು ಮಾತ್ರ ಹೆಚ್ಚುಕಮ್ಮಿ ಚಿಂಪಾಂಜಿಯದ್ದರಷ್ಟೇ. ತಲೆ ಬೆಳೆಯುವ ಮೊದಲೇ ನಡಿಗೆ ಬಂದಿತ್ತು, ಅಲ್ವಾ? ಸಾಲು ಚಿತ್ರ ನೋಡಿದವರಿಗೆ ಎರಡೂ ಒಟ್ಟಿಗೇ ಬಂದವು ಅನ್ನಿಸುತ್ತದೆ.

ಚಿಂಪಾಂಜಿಯ ದಾರಿ ನಮ್ಮಿಂದ ಕವಲೊಡೆದದ್ದು 60–70 ಮೀಟರಿನ ಹತ್ತಿರ, ಹಗ್ಗ ಮುಗಿಯುವ ಕಡೆ. ಕೋಟೆಯ ಮಂಗ? ಅದಕ್ಕೂ ನಮಗೂ ಇದ್ದ ಒಂದೇ ಹಿರೀಕನನ್ನು ನೋಡಬೇಕಾದರೆ 250 ಮೀಟರಿಗಿಂತ ದೂರ ಹೋಗಬೇಕು. ಗೇಟು ದಾಟಿ ಬಸ್ ಸ್ಟಾಪಿನವರೆಗೆ ಓಡಿಸಿದೆ. ಏದುಸಿರು ಬಿಡುತ್ತಾ ವಾಪಸ್ ಬಂದ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಒಬ್ಬಳು ಬೇರೆಯದೇ ಕೇಳಿದಳು, ಬ್ರಹ್ಮಗಿರಿಯ ಅಶೋಕನ ಶಾಸನ ಎಲ್ಲಿ ಕಟ್ಟೋದು ಅಂತ. ಲೆಕ್ಕ ಹಾಕಿದರೆ ಎರಡೂಕಾಲು ಸೆಂಟಿಮೀಟರ್! ಕಂಬಕ್ಕೆ ಹಾಕಿದ ಗಂಟಿನೊಳಗೇ ಮುಚ್ಚಿಹೋಗಿತ್ತು.

ಜೀನಿನ ಭಾಗಕ್ಕೆ ಕಾಪಿ ಆಟ. ಒಂದು ಪ್ಯಾರಾ ಕೊಡುತ್ತೇನೆ, ಒಬ್ಬರದು ನೋಡಿ ಇನ್ನೊಬ್ಬರು ಬರೆಯಬೇಕು, ಅವಸರದಲ್ಲಿ. ಆಮೇಲೆ ಹಾಳೆಗಳನ್ನು ಕಲಸಿ, ಯಾರು ಯಾರದು ನೋಡಿ ಬರೆದರು ಅಂತ ಪತ್ತೆ ಮಾಡಿಸುತ್ತೇನೆ. ಸರಿಯಾಗಿ ಬರೆದ ಸಾಲುಗಳು ಏನೂ ಹೇಳುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಒತ್ತಕ್ಷರ ಬಿಟ್ಟ ಐದು ಹಾಳೆಗಳಿದ್ದರೆ ಸಿಕ್ಕಿಬಿದ್ದ ಹಾಗೆ. ಪರೀಕ್ಷೆಯಲ್ಲಿ ನಾವು ಕಾಪಿ ಹಿಡಿಯುವುದೂ ಹೀಗೇ, ಅದು ಅವರಿಗೆ ಚೆನ್ನಾಗಿ ಗೊತ್ತು.

ಆಗ ಕುರಿ ಮೇಯಿಸುವ ಮನೆಯ ಮಕ್ಕಳನ್ನು ಕೇಳುತ್ತೇನೆ, ಕುರಿಗೆ ಯಾರಾದರೂ ನಿಂಬೆಹಣ್ಣು ತಿನ್ನಿಸುತ್ತಾರಾ? ಬೇಕಿಲ್ಲ, ಅದರ ಲಿವರ್ ವಿಟಮಿನ್ ಸಿ ಮಾಡಿಕೊಳ್ಳುತ್ತದೆ. ನಮ್ಮಲ್ಲೂ ಆ ಜೀನ್ ಇದೆ, ಗುಲೋ ಅಂತ ಹೆಸರು, ಆದರೆ ಕೆಟ್ಟು ಕೂತಿದೆ. ಚಿಂಪಾಂಜಿಯಲ್ಲೂ ಕೆಟ್ಟಿದೆ, ಮಂಗಗಳಲ್ಲೂ ಕೆಟ್ಟಿದೆ, ಒಂದೇ ಹಿರೀಕನಿಂದ ಕಾಪಿಯಾಗಿ ಬಂದ ತಪ್ಪು. ಗಿನಿಯಿಲಿಯಲ್ಲೂ ಕೆಟ್ಟಿದೆ, ಆದರೆ ಬೇರೆ ರೀತಿ, ಅದು ತಾನೇ ಮಾಡಿಕೊಂಡ ತಪ್ಪು. ಒಬ್ಬ ತಕ್ಷಣ "ಬೇರೆ ಬೆಂಚಿಂದು ಸಾರ್" ಅಂದ. ನಾನು ಅರ್ಧ ಗಂಟೆ ಕೊರೆದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ನಮ್ಮ 2ನೇ ಕ್ರೋಮೋಸೋಮ್ (ಜೀನುಗಳನ್ನು ಹೊತ್ತ ಎಳೆ) ಎರಡು ಸೇರಿ ಒಂದಾದದ್ದು, ಚಿಂಪಾಂಜಿಗೆ 24 ಜೊತೆ, ನಮಗೆ 23, ಇದನ್ನು ಎರಡು ಪೇಪರ್ ಪಟ್ಟಿ ಅಂಟಿಸಿ ತೋರಿಸಿದ್ದೆ. ಸುಮಾರಾಗಿ ಆಯಿತು. ಕ್ರೋಮೋಸೋಮಿನ ತುದಿಯಲ್ಲಿರಬೇಕಾದ ಗುರುತು ನಡುವೆ ಯಾಕಿದೆ ಅನ್ನುವುದು ಪೇಪರಿನಲ್ಲಿ ಕಾಣುವಂತೆ ಮಾಡಲು ಆಗಲಿಲ್ಲ. ಈ ಸಲ ಎರಡು ತುದಿಗೂ ಬಣ್ಣ ಬಳಿದು ಅಂಟಿಸಬೇಕು.

ಮಾಡುವವರಿಗೆ ಒಂದು ಮಾತು, ಹಗ್ಗಕ್ಕೆ ಗಂಟು ಹಾಕಬೇಡಿ, ರಿಬ್ಬನ್ ಕಟ್ಟಿ. ನಾನು ಗಂಟು ಹಾಕಿ ವಾಪಸ್ ಕೊಟ್ಟಿದ್ದೆ. ಮೋಟರ್ ಕೆಟ್ಟು ಎತ್ತುವಾಗ ರಾಟೆಯಲ್ಲಿ ಗಂಟು ಸಿಕ್ಕಿಕೊಂಡು ಹಗ್ಗದ ಯಜಮಾನರು ಫೋನ್ ಮಾಡಿ ಬೈದರು. ಎಷ್ಟನೇ ಮೀಟರಿನ ಗಂಟು ಅಂತ ಕೇಳೋಣ ಅನ್ನಿಸಿತ್ತು, ಸುಮ್ನಾದೆ.