ಮನೆ ಮಾರುವ ಮುನ್ನ: ಮೊದಲು ಸೋರಿಕೆ, ಆಮೇಲೆ ಬಣ್ಣ

ಮನೆ ಮಾರುವುದು ಅಂತ ತೀರ್ಮಾನವಾದ ಕೂಡಲೇ ಹೆಚ್ಚಿನವರು ಮೊದಲು ಕರೆಯುವುದು ಪೇಂಟರನ್ನು. ದುಡ್ಡು ಪೋಲಾಗಲು ಶುರುವಾಗುವುದೇ ಅಲ್ಲಿಂದ. ಒಳಗೆ ತೇವ ಇರುವ ಗೋಡೆಗೆ ಎಷ್ಟೇ ಒಳ್ಳೆಯ ಬಣ್ಣ ಬಳಿದರೂ ಅದು ಉಬ್ಬುತ್ತದೆ, ಚಕ್ಕೆ ಏಳುತ್ತದೆ. ನೋಡಲು ಬಂದವರು ಆ ಗೋಡೆಯ ರಿಪೇರಿ ಖರ್ಚನ್ನಷ್ಟೇ ಲೆಕ್ಕ ಹಾಕುವುದಿಲ್ಲ. ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂಬ ಅನುಮಾನಕ್ಕೂ ಸೇರಿಸಿ ಚೌಕಾಸಿಗೆ ಇಳಿಯುತ್ತಾರೆ. ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯಬೇಕೆಂದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಬಾರದು.

ಹೆಜ್ಜೆ 1: ಹೊರಗಿನವರ ಹಾಗೆ ಒಂದು ಸುತ್ತು ಹಾಕಿ

ಹಗಲು ಹೊತ್ತಿನಲ್ಲಿ, ಕೈಯಲ್ಲೊಂದು ನೋಟ್‌ಬುಕ್ ಹಿಡಿದು ಗೇಟಿನಿಂದಲೇ ಶುರು ಮಾಡಿ. ಪ್ರತಿ ಬಾಗಿಲು ತೆಗೆದು ಹಾಕಿ, ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಸ್ವಿಚ್ ಒತ್ತಿ ನೋಡಿ. ವರ್ಷಗಟ್ಟಲೆ ಅದೇ ಮನೆಯಲ್ಲಿದ್ದವರಿಗೆ ಎಷ್ಟೋ ಕುಂದುಗಳು ಕಣ್ಣಿಗೇ ಬೀಳುವುದಿಲ್ಲ. ಅಪರೂಪಕ್ಕೆ ಬರುವ ಸ್ನೇಹಿತರನ್ನೋ ನೆಂಟರನ್ನೋ ಜೊತೆಗೆ ಕರೆದುಕೊಂಡರೆ ಇನ್ನೂ ಒಳ್ಳೆಯದು.

ಹೆಜ್ಜೆ 2: ನೀರು ಎಲ್ಲಿಂದ ಬರುತ್ತಿದೆ ಎಂದು ಹಿಡಿಯಿರಿ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದ್ದು ಇದಕ್ಕೆ. ಪರೀಕ್ಷೆಗಳು ಸುಲಭ, ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಮನೆಗೆ ನೀರಿನ ಮೀಟರ್ ಇದ್ದರೆ, ಎಲ್ಲ ನಲ್ಲಿಗಳನ್ನೂ ಮುಚ್ಚಿ ರೀಡಿಂಗ್ ಬರೆದುಕೊಳ್ಳಿ. ಎರಡು ಗಂಟೆ ಯಾರೂ ನೀರು ಬಳಸಬೇಡಿ. ಟ್ಯಾಂಕ್ ಇದ್ದರೆ ಅದಕ್ಕೂ ನೀರು ತುಂಬುತ್ತಿರಬಾರದು. ಆಮೇಲೆ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಕಮೋಡಿನ ಫ್ಲಶ್ ಟ್ಯಾಂಕಿಗೆ ಅಡುಗೆಗೆ ಬಳಸುವ ಬಣ್ಣವನ್ನು ಒಂದೆರಡು ಹನಿ ಹಾಕಿ. ಫ್ಲಶ್ ಮಾಡದೆ ಕಾಲು ಗಂಟೆ ಬಿಡಿ. ಕೆಳಗಿನ ನೀರಿಗೆ ಬಣ್ಣ ಇಳಿದಿದ್ದರೆ ಟ್ಯಾಂಕಿನೊಳಗಿನ ರಬ್ಬರ್ ಸವೆದಿದೆ. ತೊಟ್ಟಿಕ್ಕುವ ನಲ್ಲಿಗೂ ಹೆಚ್ಚಾಗಿ ಬೇಕಾಗುವುದು ಒಂದು ವಾಷರ್ ಅಷ್ಟೇ. ಇವೆರಡೂ ಅಗ್ಗದ ಸಾಮಾನು.

ಇನ್ನು ಗೋಡೆಯ ತೇವ. ಸುಮಾರು ಅರ್ಧ ಮೀಟರ್ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನವಿರುವ ಜಾಗಕ್ಕೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. 24 ಗಂಟೆ ಬಿಟ್ಟು ನೋಡಿ. ಹಾಳೆಯ ಹಿಂಬದಿಯಲ್ಲಿ, ಅಂದರೆ ಗೋಡೆಯ ಕಡೆ ಹನಿಗಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿಯಿದೆ. ಅದಕ್ಕೆ ಕಿಟಕಿ ತೆಗೆದಿಡುವುದು, ಎಕ್ಸಾಸ್ಟ್ ಫ್ಯಾನ್ ಓಡಿಸುವುದು, ಗೋಡೆಗೆ ಒತ್ತಿಕೊಂಡಿರುವ ಬೀರುವನ್ನು ಸ್ವಲ್ಪ ಮುಂದಕ್ಕೆ ಎಳೆಯುವುದು ಸಾಕಾಗಬಹುದು. ಒಳಗಿನಿಂದಲೇ ಬರುತ್ತಿದ್ದರೆ ಆ ಗೋಡೆಯ ಆಚೆ ಬದಿಯಲ್ಲಿ ಏನಿದೆ ನೋಡಿ. ಬಚ್ಚಲಿನ ಟೈಲ್ಸ್ ಸಂದು ಬಿಟ್ಟಿರಬಹುದು, ಪೈಪು ಸೋರುತ್ತಿರಬಹುದು, ತಾರಸಿಯ ನೀರು ಹೋಗುವ ಬಾಯಿ ಎಲೆ ಕಸದಿಂದ ಕಟ್ಟಿಕೊಂಡಿರಬಹುದು.

ಗೋಡೆಯ ಮೇಲೆ ಬಿಳಿ ಪುಡಿ ಕಂಡರೆ ಅದು ಇಟ್ಟಿಗೆ, ಗಾರೆಯೊಳಗಿನ ಲವಣ. ನೀರು ಅದನ್ನು ಕರಗಿಸಿ ಹೊರಕ್ಕೆ ತರುತ್ತದೆ, ನೀರು ಆರಿದ ಮೇಲೆ ಪುಡಿ ಉಳಿಯುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಒಂದಷ್ಟು ಲವಣ ಮತ್ತೆ ಒಳಕ್ಕೇ ಹೋಗುತ್ತದೆ. ಸೋರಿಕೆ ನಿಂತ ಮೇಲೂ ದಪ್ಪ ಗೋಡೆ ಪೂರ್ತಿ ಆರಲು ತಿಂಗಳುಗಳೇ ಬೇಕಾಗಬಹುದು. ಅದಕ್ಕೇ ಈ ಕೆಲಸವನ್ನು ಆದಷ್ಟು ಬೇಗ ಶುರು ಮಾಡಿ ಅನ್ನುವುದು.

ಹೆಜ್ಜೆ 3: ಬಿರುಕುಗಳು

ಕೂದಲೆಳೆಯಂಥ ಗೀರುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿದರೆ ಮುಗಿಯಿತು. ಆದರೆ 5 ಮಿಲಿಮೀಟರ್‌ಗಿಂತ ಅಗಲವಾದ, ಇಲ್ಲವೇ ದಿನೇ ದಿನೇ ಬೆಳೆಯುತ್ತಿರುವ ಬಿರುಕನ್ನು ದಯವಿಟ್ಟು ಮುಚ್ಚಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲೇ ತಾರೀಕು ಬರೆಯಿರಿ. ಅದು ಗುರುತು ದಾಟಿ ಹೋದರೆ ಕಟ್ಟಡದ ಎಂಜಿನಿಯರ್‌ಗೆ ತೋರಿಸಿ. ಆ ಮನೆಯಲ್ಲಿ ನಾಳೆ ಬೇರೊಬ್ಬರ ಮಕ್ಕಳು ಮಲಗುತ್ತಾರೆ, ಅಲ್ವಾ?

ಹೆಜ್ಜೆ 4: ಈಗ ಬಣ್ಣ

ಇಡೀ ಮನೆಗೆ ಬಳಿಸಲು ಕೈಯಲ್ಲಿ ಹಣವಿಲ್ಲದಿದ್ದರೆ ಮುಂಬಾಗಿಲು, ಹಜಾರ ಮತ್ತು ಕೊಳೆ ಹಿಡಿದ ಕೋಣೆಗೆ ಮಾತ್ರ ಬಳಿಸಿ. ತಿಳಿ ಬಣ್ಣ ಇರಲಿ. ಕಡುಗೆಂಪು ನಿಮಗೆ ಎಷ್ಟೇ ಇಷ್ಟವಿದ್ದರೂ ಮುಂದೆ ಅಲ್ಲಿರುವುದು ನೀವಲ್ಲ.

ಎಷ್ಟು ಬಣ್ಣ ಬೇಕು ಎಂದು ನೀವೇ ಲೆಕ್ಕ ಹಾಕಬಹುದು. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ನಾಲ್ಕು ಗೋಡೆ ಸೇರಿ 42 ಚದರ ಮೀಟರ್. ಬಾಗಿಲು, ಕಿಟಕಿಗೆ 6 ಕಳೆದರೆ 36. ಎರಡು ಕೋಟ್‌ಗೆ 72. ನಯವಾದ ಗೋಡೆಗೆ ಒಂದು ಲೀಟರ್ ಬಣ್ಣ ಸುಮಾರು 10 ಚದರ ಮೀಟರಿಗೆ ಒಂದು ಕೋಟ್ ಬರುತ್ತದೆ. ಅಂದರೆ 7 ಲೀಟರಿಗಿಂತ ಸ್ವಲ್ಪ ಜಾಸ್ತಿ ಸಾಕು.

ಮೊದಲು ಸೀಲಿಂಗ್, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಪುಟ್ಟಿ ಹಚ್ಚಿದ ಜಾಗಕ್ಕೆ ಪ್ರೈಮರ್ ತಪ್ಪಿಸಬೇಡಿ, ತಪ್ಪಿಸಿದರೆ ಅಲ್ಲಲ್ಲಿ ತೇಪೆ ಕಾಣುತ್ತದೆ. ಒಂದು ಎಚ್ಚರಿಕೆ: ತುಂಬ ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ಮಕ್ಕಳು, ಬಸುರಿಯರು ಇರುವ ಮನೆಯಲ್ಲಂತೂ ತಿಳಿದವರ ಕೈಯಲ್ಲೇ ಮಾಡಿಸಿ.

ಹೆಜ್ಜೆ 5: ಅಡುಗೆಮನೆ, ಬಚ್ಚಲು

ಇಲ್ಲಿ ಹೊಸದಾಗಿ ಕಟ್ಟಿಸುವ ಆಸೆಗೆ ಬೀಳಬೇಡಿ. ಹಾಕಿದ ಹಣವೆಲ್ಲ ಮನೆಯ ಬೆಲೆಯಲ್ಲಿ ಹಿಂದಕ್ಕೆ ಬರುತ್ತದೆ ಎಂಬ ಖಾತ್ರಿ ಇಲ್ಲ. ಕೊಳ್ಳುವವರು ಅದನ್ನು ಒಡೆದು ತಮಗೆ ಬೇಕಾದ ಹಾಗೆ ಕಟ್ಟಿಸಿಕೊಂಡರೂ ಆಶ್ಚರ್ಯವಿಲ್ಲ. ಟೈಲ್ಸ್ ನಡುವಿನ ಕಪ್ಪಾದ ಸಂದುಗಳನ್ನು ಕೆರೆದು ಹೊಸ ಗ್ರೌಟ್ ತುಂಬಿಸಿ. ಸಿಂಕಿನ ಸುತ್ತಲಿನ ಹಳೆಯ ಸಿಲಿಕೋನ್ ಪೂರ್ತಿ ಕಿತ್ತು, ಒರೆಸಿ ಒಣಗಿಸಿದ ಮೇಲೆಯೇ ಹೊಸದನ್ನು ಹಾಕಿ. 24 ಗಂಟೆ ನೀರು ತಾಗಿಸಬೇಡಿ. ಕಪಾಟಿನ ಹಿಡಿಗಳನ್ನು ಬದಲಿಸಿದರೂ ಅಡುಗೆಮನೆಯ ಕಳೆ ಬೇರೆಯಾಗುತ್ತದೆ.

ಬಳಸದೇ ಬಿಟ್ಟ ಬಚ್ಚಲಿನಿಂದ ಚರಂಡಿ ವಾಸನೆ ಬರುತ್ತಿದೆಯೇ? ನೀರು ಹೋಗುವ ಪೈಪಿನ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತು ಗಾಳಿಯನ್ನು ತಡೆಯುತ್ತಿರುತ್ತದೆ. ಅದು ಆರಿಹೋದರೆ ವಾಸನೆ ಮೇಲೆ ಬರುತ್ತದೆ. ಒಂದು ಚೊಂಬು ನೀರು ಸುರಿದರೆ ಸರಿಹೋಗುತ್ತದೆ.

ಹೆಜ್ಜೆ 6: ಬೆಳಕು, ಬಾಗಿಲು

ಒಂದೇ ಕೋಣೆಯಲ್ಲಿ ಒಂದು ಬಲ್ಬ್ ಹಳದಿ, ಇನ್ನೊಂದು ಬಿಳಿ ಇರುವುದು ಬೇಡ. 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಅಂಕಿ ಕಡಿಮೆಯಾದಷ್ಟೂ ಹಳದಿ) ಎಂದು ಬರೆದಿರುವ ಎಲ್‌ಇಡಿ ಬಲ್ಬ್ ಮಲಗುವ ಕೋಣೆಗೆ ಹಿತ, 4000 ಕೆಲ್ವಿನ್ ಅಡುಗೆಮನೆಗೆ ಸರಿ. ಬಾಗಿಲಿನ ಕಿರುಗುಟ್ಟುವ ಕೀಲುಗಳಿಗೆ ಎಣ್ಣೆ ಬಿಡಿ. ಕೀಲಿನ ಸ್ಕ್ರೂ ನಿಲ್ಲುತ್ತಿಲ್ಲವೇ? ತೂತಿಗೆ ಮರದ ಗೋಂದು ಹಚ್ಚಿದ ಬೆಂಕಿಕಡ್ಡಿಗಳನ್ನು, ಮದ್ದಿನ ತಲೆ ಮುರಿದು, ಒತ್ತಿ ತುಂಬಿ. ಒಣಗಿದ ಮೇಲೆ ಅದೇ ಸ್ಕ್ರೂ ಗಟ್ಟಿಯಾಗಿ ಕೂರುತ್ತದೆ. ಒಡೆದ ಸ್ವಿಚ್‌ಬೋರ್ಡ್ ಮಾತ್ರ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಹೆಜ್ಜೆ 7: ಖಾಲಿ ಮಾಡಿ, ತೋರಿಸಿ

ಹೇಗೂ ಸಾಗಿಸಲೇಬೇಕಾದ ಸಾಮಾನನ್ನು ಈಗಲೇ ಕಟ್ಟಿಡಿ. ನೆಲ ಜಾಸ್ತಿ ಕಂಡಷ್ಟೂ ಕೋಣೆ ದೊಡ್ಡದಾಗಿ ಕಾಣುತ್ತದೆ. ಕಿಟಕಿ ಗಾಜು ಒರೆಸಿ, ಪರದೆ ಸರಿಸಿ, ಹಗಲಿನಲ್ಲೇ ಫೋಟೊ ತೆಗೆಯಿರಿ. ಕೋಣೆಯ ಮೂಲೆಯಲ್ಲಿ ನಿಂತು ಕ್ಯಾಮೆರಾವನ್ನು ಎದೆ ಮಟ್ಟಕ್ಕೆ, ಮೇಲಕ್ಕೂ ಕೆಳಕ್ಕೂ ವಾಲಿಸದೆ ಹಿಡಿದರೆ ಗೋಡೆಗಳು ನೆಟ್ಟಗೆ ಬರುತ್ತವೆ.

ನೋಡಲು ಬರುವ ದಿನ ರೂಮ್ ಸ್ಪ್ರೇ ಹೊಡೆಯಬೇಡಿ, ಏನನ್ನೋ ಮುಚ್ಚುತ್ತಿದ್ದಾರೆ ಅನಿಸುತ್ತದೆ. ಅರ್ಧ ಗಂಟೆ ಮುಂಚೆ ಕಿಟಕಿ ತೆಗೆದಿಟ್ಟರೆ ಸಾಕು. ಮಾಡಿಸಿದ ರಿಪೇರಿಗಳ ಬಿಲ್ಲು, ಬಣ್ಣದ ಶೇಡ್ ನಂಬರು, ಸೋರುತ್ತಿದ್ದ ಜಾಗದ ಮೊದಲಿನ ಮತ್ತು ಈಗಿನ ಫೋಟೊ, ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು ಅವರು ಕೇಳುವ ಮೊದಲೇ ಕೈಗೆ ಕೊಡಿ. ರಿಪೇರಿ ಮಾಡಿಸಲಾಗದೆ ಉಳಿದಿರುವುದನ್ನೂ ಅದೇ ಫೈಲಿನ ಮೊದಲ ಹಾಳೆಯಲ್ಲಿ ಬರೆದಿಡಿ.